ಪೋಸ್ಟ್ ಹಾಕಿದ್ದಕ್ಕೆ ಠಾಣೆಯಿಂದ ಕರೆ ಬಂದರೆ: ಮೊದಲ ಫೋನಿನಿಂದ ಹೈಕೋರ್ಟಿನವರೆಗೆ

ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿರಬಹುದು, ವಾಟ್ಸಾಪ್ ಸ್ಟೇಟಸ್ ಹಾಕಿರಬಹುದು, ಯಾರದೋ ವ್ಯಂಗ್ಯಚಿತ್ರ ಹಂಚಿಕೊಂಡಿರಬಹುದು. ಎರಡು ದಿನ ಬಿಟ್ಟು ಫೋನ್ ಬರುತ್ತದೆ: "ಸ್ವಲ್ಪ ಠಾಣೆಗೆ ಬಂದು ಹೋಗಿ." ಆ ಗಾಬರಿಯಲ್ಲಿ ಜನ ಪೋಸ್ಟ್ ಅಳಿಸುತ್ತಾರೆ, ಹೇಳಿದಂತೆ ಕ್ಷಮಾಪಣೆ ಬರೆದುಕೊಡುತ್ತಾರೆ, ಕೇಳಿದ ಕೂಡಲೇ ಫೋನನ್ನೂ ಪಾಸ್‌ವರ್ಡನ್ನೂ ಒಪ್ಪಿಸುತ್ತಾರೆ. ಮುಂದೆ ಕೇಸು ಬಿದ್ದುಹೋದರೂ ಈ ಮೂರು ಕೆಲಸಗಳ ಫಲ ಬಹಳ ದಿನ ಕಾಡುತ್ತದೆ. ಹಾಗಾಗಿ ಕೆಳಗೆ ಹೇಳುವ ಎಲ್ಲದಕ್ಕೂ ಅಡಿಪಾಯ ಒಂದೇ: ಪೊಲೀಸರು ಕೇಳುವುದು ಕಾಗದದ ಮೇಲೆ ಬರಲಿ, ನೀವು ಕೊಡುವುದು ಕಾಗದದ ಮೇಲೆ ಹೋಗಲಿ.

ಮೊದಲು, ಕರೆ ಅಸಲಿಯೇ ನೋಡಿ

ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟು ಕೂತು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕರೆ ಕಟ್ ಮಾಡಬೇಡಿ" ಎನ್ನುವವರು ವಂಚಕರು. ಡಿಜಿಟಲ್ ಅರೆಸ್ಟ್ ಅನ್ನುವುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಅಂಥ ಕರೆ ಬಂದರೆ ಕತ್ತರಿಸಿ ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಅಸಲಿ ಇರಬಹುದು ಅನ್ನಿಸಿದರೆ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ: ಅಧಿಕಾರಿಯ ಹೆಸರು, ಹುದ್ದೆ, ಠಾಣೆ, ಕ್ರೈಮ್ ನಂಬರ್. ಆಮೇಲೆ ರಾಜ್ಯ ಪೊಲೀಸ್ ಜಾಲತಾಣದಲ್ಲಿರುವ ಆ ಠಾಣೆಯ ಸ್ಥಿರ ದೂರವಾಣಿಗೆ ನೀವೇ ಫೋನ್ ಮಾಡಿ ತಾಳೆ ನೋಡಿ. ಇಂಥ ದೂರುಗಳು ಊರಿನ ಠಾಣೆಯಲ್ಲೂ ಇರಬಹುದು, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯಲ್ಲೂ ಇರಬಹುದು. ಪೋಸ್ಟಿನ ಬಗ್ಗೆ ಫೋನಿನಲ್ಲಿ ವಿವರಣೆ ಕೊಡಲು ಹೋಗಬೇಡಿ. "ನಾನು ಹಾಕಿದ್ದು ಹೌದು, ಆದರೆ..." ಎಂದು ಶುರುವಾದ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೋ ಹೇಳಲಾಗದು.

ಅಳಿಸುವ ಮುಂಚೆ ಉಳಿಸಿಕೊಳ್ಳಿ

ಠಾಣೆಗೆ ಹೋಗುವುದಕ್ಕಿಂತ, ಕೆಲವೊಮ್ಮೆ ವಕೀಲರನ್ನು ಹುಡುಕುವುದಕ್ಕಿಂತಲೂ ಮೊದಲು ಆಗಬೇಕಾದ ಕೆಲಸ ಇದು. ಪೋಸ್ಟನ್ನು ಪೂರ್ತಿಯಾಗಿ, ದಿನಾಂಕ, ಸಮಯ, ಖಾತೆಯ ಹೆಸರು, ಬ್ರೌಸರಿನ ಮೇಲ್ಭಾಗದಲ್ಲಿರುವ ಲಿಂಕ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ; ಫೋನಿಗಿಂತ ಕಂಪ್ಯೂಟರಿನಲ್ಲಿ ತೆಗೆದದ್ದು ಸ್ಪಷ್ಟ. ಕೆಳಗಿನ ಕಾಮೆಂಟುಗಳನ್ನೂ ಸೇರಿಸಿ. ನೀವು ಬೇರೆ ಯಾರಿಗೋ ಉತ್ತರವಾಗಿ ಬರೆದಿದ್ದರೆ ಆ ಮೂಲ ಪೋಸ್ಟ್ ಇಲ್ಲದೆ ನಿಮ್ಮ ಮಾತಿಗೆ ಸಂದರ್ಭವೇ ಇರುವುದಿಲ್ಲ, ಮತ್ತು ದೂರಿನ ಜೊತೆ ಬರುವ ತುಣುಕಿನಲ್ಲಿ ಕಾಣೆಯಾಗಿರುವುದು ಸಾಮಾನ್ಯವಾಗಿ ಅದೇ. ಸುದ್ದಿ ಓದಿ ಹಂಚಿಕೊಂಡದ್ದಾದರೆ ಆ ಸುದ್ದಿಯ ಪುಟವನ್ನೂ ಅಂದಿನ ದಿನಾಂಕದ ಸಮೇತ ಉಳಿಸಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ ಎಲ್ಲದರಲ್ಲೂ ನಿಮ್ಮ ಖಾತೆಯ ಪೂರ್ತಿ ಮಾಹಿತಿಯನ್ನು ಡೌನ್‌ಲೋಡ್ ಮಾಡುವ ಸೌಲಭ್ಯ ಇದೆ. ಕಡತ ತಯಾರಾಗಲು ಕೆಲವೊಮ್ಮೆ ದಿನಗಟ್ಟಲೆ ಹಿಡಿಯುವುದರಿಂದ ಅಂದೇ ಕೋರಿಕೆ ಹಾಕಿ.

ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ಮೌಲ್ಯ (ಕಡತದಿಂದ ಲೆಕ್ಕ ಹಾಕಿ ಬರುವ, ಕಡತ ಸ್ವಲ್ಪ ಬದಲಾದರೂ ಬೇರೆಯಾಗುವ ಗುರುತು) ಬರೆಯಬೇಕು. ಉಳಿಸಿದ ಕಡತಗಳಿಗೆ ಅಂದೇ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ನಿಮ್ಮದೇ ಇಮೇಲ್‌ಗೆ ಕಳುಹಿಸಿಕೊಂಡರೆ, ಆ ದಿನದಿಂದ ಕಡತ ಬದಲಾಗಿಲ್ಲ ಎಂದು ತೋರಿಸಲು ಆಧಾರ ಇರುತ್ತದೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಆಜ್ಞೆಯಿಂದ ಇದನ್ನು ತೆಗೆಯಬಹುದು.

ಇನ್ನು ಅಳಿಸುವ ಪ್ರಶ್ನೆ. ತನಿಖೆ ಶುರುವಾಗಿದೆ ಎಂದು ಗೊತ್ತಾದ ಮೇಲೆ ಅಳಿಸಿದರೆ, ಎಲೆಕ್ಟ್ರಾನಿಕ್ ದಾಖಲೆ ನಾಶ ಮಾಡಿದಿರಿ ಎಂದು ಭಾರತೀಯ ನ್ಯಾಯ ಸಂಹಿತೆಯ ಕಲಂ 241 ತಂದು ಸೇರಿಸಲು ದಾರಿಯಾಗುತ್ತದೆ. ಮೂಲ ಆರೋಪ ನಿಲ್ಲದಿದ್ದರೂ ಇದು ಹೊಸ ತಲೆನೋವು. ಪೋಸ್ಟಿನಿಂದ ಗಲಾಟೆ ಹಬ್ಬುತ್ತಿದೆ ಅನ್ನಿಸಿದರೆ, ಪ್ರತಿ ಉಳಿಸಿಕೊಂಡ ಮೇಲೆ, ಅದನ್ನು ನಿಮಗೆ ಮಾತ್ರ ಕಾಣುವಂತೆ ಬದಲಿಸಿ. ಬರೆದ ವಿಷಯ ತಪ್ಪು ಎಂದು ಗೊತ್ತಾದರೆ ಸದ್ದಿಲ್ಲದೆ ಅಳಿಸುವ ಬದಲು "ಈ ಮಾಹಿತಿ ತಪ್ಪು, ಸರಿಯಾದದ್ದು ಇದು" ಎಂದು ತಿದ್ದುಪಡಿ ಹಾಕುವುದು ನ್ಯಾಯ, ಮತ್ತು ನಿಮ್ಮ ಉದ್ದೇಶಕ್ಕೆ ಅದೇ ಸಾಕ್ಷಿ.

ಕರೆದದ್ದು ಯಾವ ಕಲಮಿನಡಿ?

2024ರ ಜುಲೈ 1ರಿಂದ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರಡಿ ನಿಮ್ಮ ಕೈಗೆ ಬರಬಹುದಾದ ಕಾಗದಗಳು ಮುಖ್ಯವಾಗಿ ಮೂರು.

ಕಲಂ 35(3)ರ ನೋಟಿಸ್ ಎಂದರೆ ನೀವು ಆರೋಪಿ ಅಥವಾ ಶಂಕಿತ, ಆದರೆ ಸದ್ಯ ಬಂಧನದ ಅಗತ್ಯ ಕಂಡಿಲ್ಲ. ಹೇಳಿದ ದಿನ ಹಾಜರಾಗುತ್ತಾ ಹೋದರೆ, ಕಾರಣವನ್ನು ಬರೆದಿಡದೆ ಆ ಪ್ರಕರಣದಲ್ಲಿ ಬಂಧಿಸುವಂತಿಲ್ಲ. ತಪ್ಪಿಸಿದರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ. ಈ ನೋಟಿಸನ್ನು ವಾಟ್ಸಾಪ್ ಮುಂತಾದ ಎಲೆಕ್ಟ್ರಾನಿಕ್ ದಾರಿಯಲ್ಲಿ ಜಾರಿ ಮಾಡುವಂತಿಲ್ಲ ಎಂದು ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ನಿರ್ದೇಶಿಸಿದೆ. ನೋಟಿಸಿನಲ್ಲಿ ಕ್ರೈಮ್ ನಂಬರ್, ಕಲಂ, ಜೊತೆಗೆ ಎಫ್‌ಐಆರ್ ಪ್ರತಿ ಇರಬೇಕೆಂದು ಕರ್ನಾಟಕ ಹೈಕೋರ್ಟ್ ಹೇಳಿದೆ.

ಕಲಂ 179 ಸಾಕ್ಷಿಗೆ ಬರುವ ಕರೆ. ಲಿಖಿತ ಆದೇಶ ಬೇಕು, ನೀವು ಆ ಠಾಣೆಯ ಅಥವಾ ಪಕ್ಕದ ಠಾಣೆಯ ವ್ಯಾಪ್ತಿಯಲ್ಲಿರಬೇಕು. ಹೆಂಗಸರು, 15ರ ಒಳಗಿನ ಮತ್ತು 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆಯವರನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಪೊಲೀಸರೇ ಮನೆಗೆ ಬರಬೇಕು. ಕಲಂ 94 ದಾಖಲೆ ಅಥವಾ ಸಾಧನ ಹಾಜರುಪಡಿಸಲು ಕೊಡುವ ಸೂಚನೆ.

ಈ ಮೂರೂ ಇಲ್ಲದಿದ್ದರೆ ಅದು ಬಹುತೇಕ "ಅರ್ಜಿ ವಿಚಾರಣೆ", ಅಂದರೆ ಯಾರೋ ಅರ್ಜಿ ಕೊಟ್ಟಿದ್ದಾರೆ, ಎಫ್‌ಐಆರ್ ಆಗಿಲ್ಲ. ಆಗ ಹೀಗೊಂದು ಪತ್ರ ಬರೆಯಿರಿ:

"ಠಾಣಾಧಿಕಾರಿಗಳು, … ಪೊಲೀಸ್ ಠಾಣೆ ಇವರಿಗೆ. ದಿನಾಂಕ … ರಂದು … ಗಂಟೆಗೆ … ಸಂಖ್ಯೆಯಿಂದ ನನಗೆ ಕರೆ ಮಾಡಿ ಠಾಣೆಗೆ ಹಾಜರಾಗಲು ತಿಳಿಸಲಾಗಿದೆ. ವಿಚಾರಣೆಗೆ ಸಹಕರಿಸಲು ನಾನು ಸಿದ್ಧ. ಪ್ರಕರಣ ದಾಖಲಾಗಿದ್ದಲ್ಲಿ ಅಪರಾಧ ಸಂಖ್ಯೆ, ಕಲಂ ಮತ್ತು ಎಫ್‌ಐಆರ್ ಪ್ರತಿಯೊಂದಿಗೆ ಲಿಖಿತ ನೋಟಿಸ್ ನೀಡಬೇಕಾಗಿಯೂ, ಅರ್ಜಿ ವಿಚಾರಣೆಯಾಗಿದ್ದಲ್ಲಿ ಅರ್ಜಿಯ ಪ್ರತಿ ನೀಡಬೇಕಾಗಿಯೂ ಕೋರುತ್ತೇನೆ. ನೋಟಿಸ್ ತಲುಪಿದ ಬಳಿಕ ನನ್ನ ವಕೀಲರೊಂದಿಗೆ ಹಾಜರಾಗುತ್ತೇನೆ."

ಇದನ್ನು ಠಾಣೆಯ ಇಮೇಲ್‌ಗೆ ಕಳುಹಿಸಿ, ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಕೈಯಲ್ಲೇ ಕೊಡುವುದಾದರೆ ಎರಡನೇ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿ. ನೋಟಿಸಿನಲ್ಲಿ ಲೋಪ ಇದೆ ಎಂದು ಸುಮ್ಮನೆ ಕೂರಬೇಡಿ. ಲೋಪ ಇದ್ದರೂ ಉತ್ತರ ಬರೆಯಲೇಬೇಕು. ಬರೆಯದಿದ್ದರೆ "ಸಹಕರಿಸುತ್ತಿಲ್ಲ" ಎಂಬ ಸಾಲು ಕೇಸ್ ಡೈರಿಗೆ ಸೇರುತ್ತದೆ.

ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕೆಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಜಾಲತಾಣದಲ್ಲಿ ಸಿಗದಿದ್ದರೆ ವಕೀಲರ ಮೂಲಕ ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ.

ಎಫ್‌ಐಆರ್ ಓದುವುದು ಹೇಗೆ

ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಟ್ಟಿದೆ. ಅದನ್ನು ಮಿತಗೊಳಿಸಲು 19(2)ರಲ್ಲಿ ಹೇಳಿದ ಕಾರಣಗಳಿಗೆ ಮಾತ್ರ ಅವಕಾಶ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. "ಮನಸ್ಸಿಗೆ ನೋವಾಯಿತು", "ನಮ್ಮ ನಾಯಕರನ್ನು ಟೀಕಿಸಿದರು" ಎಂಬುದು ಈ ಪಟ್ಟಿಯಲ್ಲಿ ಇಲ್ಲ. ಸುಪ್ರೀಂ ಕೋರ್ಟಿನ 2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರು ಹಂತ ಬಿಡಿಸಿ, ಮೂರನೆಯದನ್ನು ಮುಟ್ಟಿದ ಮಾತಿಗೆ ಮಾತ್ರ ಕಾನೂನಿನ ಕೈ ಚಾಚಬಹುದು ಎಂದಿತು. ಅದೇ ತೀರ್ಪು ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿತು. ಆಮೇಲೂ ಠಾಣೆಗಳಲ್ಲಿ ಆ ಕಲಮಿನಡಿ ಕೇಸುಗಳು ದಾಖಲಾಗುತ್ತಲೇ ಇದ್ದುದರಿಂದ ಸುಪ್ರೀಂ ಕೋರ್ಟ್ 2022ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಸ್ಪಷ್ಟ ಆದೇಶ ಕೊಡಬೇಕಾಯಿತು. ನಿಮ್ಮ ಎಫ್‌ಐಆರ್‌ನಲ್ಲಿ 66ಎ ಕಂಡರೆ ಆ ಭಾಗ ಅಲ್ಲಿಗೇ ಸತ್ತಂತೆ.

ಹೆಚ್ಚಾಗಿ ಕಾಣುವುದು ನ್ಯಾಯ ಸಂಹಿತೆಯ 196. ಧರ್ಮ, ಜಾತಿ, ಭಾಷೆ ಮುಂತಾದ ಆಧಾರದ ಮೇಲೆ ಗುಂಪುಗಳ ನಡುವೆ ದ್ವೇಷ ಬೆಳೆಸುವುದು, ಮೂರು ವರ್ಷದವರೆಗೆ ಶಿಕ್ಷೆ, ಜಾಮೀನುರಹಿತ. ಇಲ್ಲಿ ನೋಡಬೇಕಾದ್ದು: ಎರಡು ಗುಂಪುಗಳು ಇವೆಯೇ? ಸರ್ಕಾರವನ್ನೋ ಒಂದು ಪಕ್ಷವನ್ನೋ ಬೈದರೆ ಈ ಕಲಂ ಕೂರುವುದಿಲ್ಲ. ದ್ವೇಷ ಹುಟ್ಟಿಸುವ ಉದ್ದೇಶ ಮಾತಿನಲ್ಲೇ ಕಾಣಬೇಕು. ಪೆಟ್ರೀಷಿಯಾ ಮುಖಿಂ ಅವರ ಫೇಸ್‌ಬುಕ್ ಪೋಸ್ಟಿನ ಪ್ರಕರಣವನ್ನು 2021ರಲ್ಲಿ, 370ನೇ ವಿಧಿ ರದ್ದತಿಯ ದಿನವನ್ನು ಕರಾಳ ದಿನ ಎಂದ ವಾಟ್ಸಾಪ್ ಸ್ಟೇಟಸ್ ಕುರಿತ ಜಾವೇದ್ ಅಹ್ಮದ್ ಹಜಾಂ ಪ್ರಕರಣವನ್ನು 2024ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಎರಡೂ ತೀರ್ಪು ಹಳೆಯ ಭಾರತೀಯ ದಂಡ ಸಂಹಿತೆಯ 153ಎ ಕಲಮಿನ ಮೇಲಿನವು. 196 ಅದರದೇ ಮುಂದುವರಿಕೆ.

299ಕ್ಕೆ ಧಾರ್ಮಿಕ ಭಾವನೆ ಕೆರಳಿಸುವ ಉದ್ದೇಶಪೂರ್ವಕ ಮತ್ತು ದುರುದ್ದೇಶದ ಕೃತ್ಯ ಆಗಿರಬೇಕು, ಎರಡೂ ಒಟ್ಟಿಗೆ. 353 ಸುಳ್ಳು ಮಾಹಿತಿ, ವದಂತಿಗಳದ್ದು. ನಿಜವೆಂದು ನಂಬಲು ಸಕಾರಣ ಇದ್ದು ಸದುದ್ದೇಶದಿಂದ ಹೇಳಿದ್ದಕ್ಕೆ ಆ ಕಲಮಿನಲ್ಲೇ ವಿನಾಯಿತಿ ಇದೆ. ಮೂಲ ಸುದ್ದಿಯ ಪುಟ ಉಳಿಸಿ ಅಂದದ್ದು ಇದಕ್ಕಾಗಿಯೇ. 356, ಅಂದರೆ ಮಾನಹಾನಿ, ಅಸಂಜ್ಞೇಯ ಅಪರಾಧ: ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಶಾಸಕರ ಬಗ್ಗೆಯೋ ಗುತ್ತಿಗೆದಾರರ ಬಗ್ಗೆಯೋ ಬರೆದದ್ದಕ್ಕೆ ಬರಿ ಮಾನಹಾನಿಯ ಮೇಲೆ ಠಾಣೆಗೆ ಕರೆದಿದ್ದರೆ ಆ ಆದೇಶ ತೋರಿಸಿ ಎಂದು ಬರೆದು ಕೇಳಿ. ಐಟಿ ಕಾಯ್ದೆಯ ಕಲಮುಗಳಿದ್ದರೆ ತನಿಖಾಧಿಕಾರಿ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿರಬಾರದು.

152 ಬಂದಿದ್ದರೆ ಮಾತ್ರ ತಡಮಾಡಬೇಡಿ. ದೇಶದ ಸಾರ್ವಭೌಮತೆ, ಏಕತೆಗೆ ಅಪಾಯ ತರುವ ಕೃತ್ಯ ಎನ್ನುವ ಇದಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇದೆ. ಸರ್ಕಾರದ ಕ್ರಮಗಳನ್ನು ಟೀಕಿಸುವುದು ಇದರಡಿ ಬರುವುದಿಲ್ಲ ಎಂಬ ವಿವರಣೆ ಕಲಮಿನ ಕೆಳಗೇ ಇದ್ದರೂ, ಏಳು ವರ್ಷದವರೆಗಿನ ಅಪರಾಧಗಳಲ್ಲಿ ಬಂಧನಕ್ಕಿರುವ ತಡೆ ಇಲ್ಲಿ ಸಿಗದು. ಅಂದೇ ನಿರೀಕ್ಷಣಾ ಜಾಮೀನಿಗೆ ಹೋಗಿ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಂತೂ ನಿರೀಕ್ಷಣಾ ಜಾಮೀನಿಗೆ ಕಾನೂನೇ ಅಡ್ಡ ಇದೆ. ಜಾತಿ ಹಿಡಿದು ಬೈಯುವುದು, ಕೊಲ್ಲಿ ಬಡಿಯಿರಿ ಎಂದು ಕರೆ ಕೊಡುವುದು, ಯಾರದೋ ಖಾಸಗಿ ಚಿತ್ರ ಹರಿಬಿಡುವುದು, ಅತ್ಯಾಚಾರ ಸಂತ್ರಸ್ತರ ಗುರುತು ಬಯಲು ಮಾಡುವುದು ಇವು ಅಭಿವ್ಯಕ್ತಿ ಸ್ವಾತಂತ್ರ್ಯದ ನೆರಳಿಗೆ ಬರುವುದಿಲ್ಲ, ಬರಲೂಬಾರದು.

ಈ ಎಲ್ಲಕ್ಕೂ ಮೇಲೆ ಕೈಯಲ್ಲಿ ಇಟ್ಟುಕೊಳ್ಳಬೇಕಾದ ತೀರ್ಪು 2025ರ ಮಾರ್ಚ್ 28ರದ್ದು, ಇಮ್ರಾನ್ ಪ್ರತಾಪ್‌ಗಢಿ ವಿರುದ್ಧ ಗುಜರಾತ್ ಸರ್ಕಾರ. ಒಂದು ಕವಿತೆ ಇದ್ದ ವಿಡಿಯೊ ಹಾಕಿದ್ದಕ್ಕೆ ಜಾಮ್‌ನಗರದಲ್ಲಿ ಎಫ್‌ಐಆರ್ ಆಗಿತ್ತು. ಅದನ್ನು ರದ್ದು ಮಾಡುತ್ತಾ ಸುಪ್ರೀಂ ಕೋರ್ಟ್ ಎರಡು ವಿಷಯ ಸ್ಪಷ್ಟಪಡಿಸಿತು. ಮಾತಿನ ಪರಿಣಾಮವನ್ನು ಅಳೆಯುವುದು ಗಟ್ಟಿ ಮನಸ್ಸಿನ, ಧೈರ್ಯವಂತ ಸಾಮಾನ್ಯ ಮನುಷ್ಯನ ದೃಷ್ಟಿಯಿಂದ, ಎಲ್ಲದರಲ್ಲೂ ಅಪಾಯ ಕಾಣುವವರ ದೃಷ್ಟಿಯಿಂದ ಅಲ್ಲ. ಮತ್ತು ಮಾತು, ಬರಹದ ಮೇಲಿನ ಆರೋಪಕ್ಕೆ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆ ಇದ್ದರೆ, ಎಫ್‌ಐಆರ್‌ಗೆ ಮುನ್ನ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(3)ರ ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತ. ಅದಕ್ಕೆ ಡಿವೈಎಸ್‌ಪಿ ಅನುಮತಿ ಬೇಕು, 14 ದಿನದಲ್ಲಿ ಮುಗಿಯಬೇಕು. 196, 299, 353 ಮೂರೂ ಈ ಲೆಕ್ಕಕ್ಕೆ ಬೀಳುತ್ತವೆ. ಆದ್ದರಿಂದ ನಿಮ್ಮ ಮೊದಲ ಲಿಖಿತ ಉತ್ತರದಲ್ಲೇ "ಪ್ರಾಥಮಿಕ ವಿಚಾರಣೆ ನಡೆದಿದೆಯೇ, ಅದರ ಫಲಿತಾಂಶ ಏನು" ಎಂದು ಕೇಳಿ. ಉತ್ತರ ಬರದಿದ್ದರೂ ಕೇಳಿದ ದಾಖಲೆ ಹೈಕೋರ್ಟಿನಲ್ಲಿ ಕೆಲಸಕ್ಕೆ ಬರುತ್ತದೆ.

ವಾಟ್ಸಾಪ್ ಗುಂಪಿನ ಅಡ್ಮಿನ್‌ಗಳಿಗೆ ಒಂದು ಮಾತು. ಬೇರೆ ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ತಾನಾಗಿ ಹೊಣೆಗಾರ ಆಗುವುದಿಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟುಗಳು ಹೇಳಿವೆ. ನೀವೇ ಫಾರ್ವರ್ಡ್ ಮಾಡಿದ್ದಾದರೆ "ಬಂದದ್ದನ್ನು ಕಳಿಸಿದೆ ಅಷ್ಟೆ" ಎಂಬ ಸಮರ್ಥನೆಯನ್ನು ನೆಚ್ಚಬೇಡಿ.

ಠಾಣೆಯಲ್ಲಿ

ಒಬ್ಬರೇ ಹೋಗಬೇಡಿ. ವಕೀಲರು ಸಿಗದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಅಥವಾ ತಾಲ್ಲೂಕು ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ವಶದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಒಳಗೆ ಹೋದ ಮತ್ತು ಹೊರಬಂದ ಸಮಯವನ್ನು ಹೊರಗಿರುವ ಒಬ್ಬರಿಗೆ ಸಂದೇಶ ಕಳಿಸಿ. ಸಾಧ್ಯವಾದರೆ ಮುಖ್ಯ ಫೋನನ್ನು ಮನೆಯಲ್ಲೇ ಬಿಡಿ, ಅದನ್ನು ತರಬೇಕೆಂದು ನೋಟಿಸಿನಲ್ಲಿ ಇಲ್ಲದಿದ್ದರೆ.

ತನಿಖೆಯಲ್ಲಿ ನೀವು ಕೊಡುವ ಹೇಳಿಕೆಯನ್ನು ಪೊಲೀಸರು ಬರೆದುಕೊಳ್ಳಬಹುದು, ಆದರೆ ಅದಕ್ಕೆ ನಿಮ್ಮ ಸಹಿ ಹಾಕಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 181 ಇದನ್ನು ನೇರವಾಗಿ ಹೇಳುತ್ತದೆ (ಮುಂದೆ ಬರುವ 126, 105, 503, 482, 528 ಕೂಡ ಇದೇ ಸಂಹಿತೆಯವು). ಖಾಲಿ ಹಾಳೆಗಂತೂ ಯಾವ ಕಾರಣಕ್ಕೂ ಸಹಿ ಬೇಡ. ನಿಮ್ಮನ್ನೇ ಅಪರಾಧಕ್ಕೆ ಸಿಕ್ಕಿಸುವ ಪ್ರಶ್ನೆಗೆ ಉತ್ತರಿಸದಿರುವ ಹಕ್ಕು ಸಂವಿಧಾನದ 20(3) ವಿಧಿಯಲ್ಲಿದೆ. "ವಕೀಲರ ಜೊತೆ ಮಾತಾಡಿ ಲಿಖಿತವಾಗಿ ಉತ್ತರ ಕೊಡುತ್ತೇನೆ" ಎಂದರೆ ಅಸಹಕಾರ ಆಗುವುದಿಲ್ಲ. ಸುಳ್ಳು ಮಾತ್ರ ಹೇಳಬೇಡಿ.

ಹೆಚ್ಚು ಜನ ಎಡವುವುದು ಮುಚ್ಚಳಿಕೆಯಲ್ಲಿ. "ಒಂದು ಕ್ಷಮಾಪಣೆ ಬರೆದುಕೊಡಿ, ಮುಗಿಸಿಬಿಡೋಣ" ಎಂಬ ಮಾತು ಸೌಜನ್ಯದ್ದಾಗಿ ಕೇಳುತ್ತದೆ, ಕೆಲವೊಮ್ಮೆ ನಿಜಕ್ಕೂ ಅಧಿಕಾರಿ ಸಹಾಯದ ಮನಸ್ಸಿನಲ್ಲೇ ಹೇಳಿರುತ್ತಾರೆ. ಆದರೆ "ನಾನು ಹಾಕಿದ ಪೋಸ್ಟಿನಿಂದ ಕೋಮು ಭಾವನೆಗೆ ಧಕ್ಕೆಯಾಗಿದೆ, ಇನ್ನು ಮುಂದೆ ಇಂಥದ್ದು ಬರೆಯುವುದಿಲ್ಲ" ಎಂದು ಬರೆದರೆ ಆರೋಪದ ಅರ್ಧ ಭಾಗವನ್ನು ನೀವೇ ಒಪ್ಪಿ, ಮುಂದಿನ ಮಾತಿಗೂ ಬಾಯಿ ಕಟ್ಟಿಕೊಂಡಂತೆ. ಶಾಂತಿ ಪಾಲನೆಗೆ ಬಾಂಡ್ ಬೇಕಿದ್ದರೆ ಕಲಂ 126ರಡಿ ತಾಲ್ಲೂಕು ದಂಡಾಧಿಕಾರಿಗಳ ಮುಂದೆ ನೋಟಿಸ್ ಕೊಟ್ಟು, ನಿಮ್ಮ ಮಾತು ಕೇಳಿ ಮಾಡುವ ಕ್ರಮ ಇದೆ. ಏನಾದರೂ ಬರೆಯಲೇಬೇಕಾದ ಒತ್ತಡ ಬಂದರೆ "ಇಂದು ಇಂಥ ಗಂಟೆಗೆ ವಿಚಾರಣೆಗೆ ಹಾಜರಾಗಿ ಸಹಕರಿಸಿದ್ದೇನೆ" ಎಂಬಷ್ಟನ್ನೇ ಬರೆಯಿರಿ. ಅರ್ಜಿ ಮುಕ್ತಾಯ ಆದರೆ ಹಿಂಬರಹ ಕೇಳಿ ಪಡೆಯಿರಿ.

ಫೋನ್

ಮೌಖಿಕವಾಗಿ ಕೇಳಿದ ಮಾತ್ರಕ್ಕೆ ಕೊಡಬೇಡಿ. ಜಪ್ತಿ ಮಾಡುವುದಾದರೆ ಮಹಜರು ಆಗಬೇಕು, ಕಲಂ 105ರಂತೆ ಜಪ್ತಿಯ ಧ್ವನಿ-ದೃಶ್ಯ ಚಿತ್ರೀಕರಣ ಆಗಬೇಕು. ಮಹಜರಿನಲ್ಲಿ ಕಂಪನಿ, ಮಾದರಿ, ಎರಡೂ ಐಎಂಇಐ ಸಂಖ್ಯೆ, ಸಿಮ್ ವಿವರ, ಫೋನ್ ಆನ್ ಇತ್ತೋ ಆಫ್ ಇತ್ತೋ, ಸೀಲ್ ಮಾಡಿದರೋ ಎಂಬುದು ಬರಬೇಕು. ಬಿಟ್ಟುಹೋಗಿದ್ದರೆ ಪಂಚರ ಮುಂದೆಯೇ ಸೇರಿಸಲು ಹೇಳಿ, ಪ್ರತಿ ತೆಗೆದುಕೊಳ್ಳಿ.

ಪಾಸ್‌ವರ್ಡ್ ವಿಷಯದಲ್ಲಿ ಕರ್ನಾಟಕ ಹೈಕೋರ್ಟಿನ 2021ರ ವೀರೇಂದ್ರ ಖನ್ನಾ ತೀರ್ಪು ನಮಗೆ ಮುಖ್ಯ. ತನಿಖಾಧಿಕಾರಿ ತಾನಾಗಿ ಪಾಸ್‌ವರ್ಡಿಗೆ ಬಲವಂತ ಮಾಡುವಂತಿಲ್ಲ, ಕೋರ್ಟಿನ ಆದೇಶ ಬೇಕು. ಆದರೆ ಆದೇಶ ಬಂದ ಮೇಲೆ 20(3)ರ ರಕ್ಷಣೆ ಪಾಸ್‌ವರ್ಡಿಗೆ ಸಿಗುವುದಿಲ್ಲ, ಕೊಡದಿದ್ದರೆ ನಿಮ್ಮ ವಿರುದ್ಧ ಊಹಿಸಿಕೊಳ್ಳಲು ಅವಕಾಶ ಇದೆ ಎಂದೂ ಅದೇ ತೀರ್ಪು ಹೇಳುತ್ತದೆ. ಹಾಗಾಗಿ "ಕೋರ್ಟ್ ಆದೇಶ ತನ್ನಿ, ಪಾಲಿಸುತ್ತೇನೆ" ಎಂಬುದು ಸರಿಯಾದ ನಿಲುವು. ಫೋನ್ ಹೋದ ಕೂಡಲೇ ಬ್ಯಾಂಕ್ ಒಟಿಪಿ ಬರದೆ ಕೈಕಾಲು ಕಟ್ಟಿದಂತಾಗುವುದರಿಂದ ಖಾತೆಗಳ ಬ್ಯಾಕಪ್ ಕೋಡುಗಳನ್ನು ಮೊದಲೇ ಕಾಗದದಲ್ಲಿ ಬರೆದಿಡಿ. ಫೋನ್ ವಾಪಸಿಗೆ ಕಲಂ 503ರಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.

ಬಂಧನ, ಜಾಮೀನು, ಹೈಕೋರ್ಟ್

ಬಂಧಿಸಿದರೆ ಕಾರಣಗಳನ್ನು ಲಿಖಿತವಾಗಿ, ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟಿನ 2025ರ ನವೆಂಬರ್ 6ರ ಮಿಹಿರ್ ರಾಜೇಶ್ ಶಾ ತೀರ್ಪು ಎಲ್ಲ ಅಪರಾಧಗಳಿಗೂ ವಿಸ್ತರಿಸಿದೆ. ಕನ್ನಡ ಮಾತ್ರ ಬಲ್ಲವರಿಗೆ ಇಂಗ್ಲಿಷ್ ಹಾಳೆ ಕೊಟ್ಟರೆ ಸಾಲದು; ಹೊರರಾಜ್ಯದ ಪೊಲೀಸರು ಬಂದಾಗ ಇದನ್ನು ವಿಶೇಷವಾಗಿ ನೆನಪಿಡಿ. ಬಂಧನದ ಮೆಮೊಗೆ ಸಾಕ್ಷಿಯ ಸಹಿ ಇರಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಸಾಧಾರಣ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಹಿಳಾ ಅಧಿಕಾರಿ ಬಂದ ಹೊರತು, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ಬಂಧಿಸುವಂತಿಲ್ಲ.

ನಿರೀಕ್ಷಣಾ ಜಾಮೀನು ಈಗ ಕಲಂ 482, ಎಫ್‌ಐಆರ್ ರದ್ದತಿಯ ಅರ್ಜಿ 528. ಹಳೆಯ ಸಂಹಿತೆಯಲ್ಲಿ 482 ಎಂದರೆ ರದ್ದತಿಯಾಗಿತ್ತು, ಅರ್ಜಿ ಬರೆಸುವಾಗ ಗಮನಿಸಿ. ಬೇರೆ ರಾಜ್ಯದಲ್ಲಿ ಎಫ್‌ಐಆರ್ ಆಗಿದ್ದರೆ ಇಲ್ಲಿನ ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟಿನಲ್ಲೇ ಸೀಮಿತ ಅವಧಿಯ ನಿರೀಕ್ಷಣಾ ಜಾಮೀನು ಕೇಳಬಹುದು. ಬೆಂಗಳೂರಿನಿಂದ ಹೋದ ಪ್ರಿಯಾ ಇಂದೋರಿಯಾ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇದು ಇತ್ಯರ್ಥವಾಯಿತು. ಎಫ್‌ಐಆರ್ ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ವಿಜಯಪುರದಲ್ಲಿ ಆಗಿದ್ದರೆ ರದ್ದತಿಗೆ ಕಲಬುರಗಿ ಪೀಠಕ್ಕೆ, ಬೆಳಗಾವಿ, ಬಳ್ಳಾರಿ, ಉತ್ತರ ಕನ್ನಡ ಮುಂತಾದ ಕಡೆ ಆಗಿದ್ದರೆ ಧಾರವಾಡ ಪೀಠಕ್ಕೆ ಹೋಗಬೇಕು. ಜಾಮೀನಿನ ಷರತ್ತಾಗಿ "ಸಾಮಾಜಿಕ ಜಾಲತಾಣದಲ್ಲಿ ಬರೆಯಬಾರದು" ಎಂದು ಕೇಳಿದರೆ ವಕೀಲರು ಆಕ್ಷೇಪಿಸಲಿ. ಮೊಹಮ್ಮದ್ ಜುಬೇರ್ ಪ್ರಕರಣದಲ್ಲಿ 2022ರಲ್ಲಿ ಇಂಥ ಷರತ್ತನ್ನು ಸುಪ್ರೀಂ ಕೋರ್ಟ್ ನಿರಾಕರಿಸಿದೆ.

ಸರ್ಕಾರಿ ನೌಕರರಿಗೆ ಇದೆಲ್ಲದರ ಜೊತೆ ನಡತೆ ನಿಯಮಗಳಡಿ ಇಲಾಖಾ ವಿಚಾರಣೆ ಪ್ರತ್ಯೇಕವಾಗಿ ನಡೆಯಬಹುದು. ಅದಕ್ಕೆ ಕೊಡುವ ಉತ್ತರವನ್ನೂ ಕ್ರಿಮಿನಲ್ ವಕೀಲರಿಗೆ ತೋರಿಸಿಯೇ ಕೊಡಿ.

ಪೋಸ್ಟ್ ತಾನಾಗಿ ಮಾಯವಾದರೆ

ಕಂಪನಿಯೇ ತನ್ನ ನಿಯಮದಡಿ ತೆಗೆದಿದ್ದರೆ ಮೊದಲು ಆಪ್‌ನ ಒಳಗಿನ ಮೇಲ್ಮನವಿ, ನಂತರ ಆ ಕಂಪನಿಯ ಭಾರತದ ಕುಂದುಕೊರತೆ ಅಧಿಕಾರಿಗೆ ದೂರು. ಅವರ ನಿರ್ಧಾರ ಬಂದ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. "ಭಾರತದಲ್ಲಿ ಕಾನೂನು ಕೋರಿಕೆಯ ಮೇರೆಗೆ ತಡೆಹಿಡಿಯಲಾಗಿದೆ" ಎಂದು ಕಂಡರೆ ಅದು ಸರ್ಕಾರದ ಅಥವಾ ಕೋರ್ಟಿನ ಆದೇಶ. ಯಾವ ಕಲಂ, ಯಾವ ಪ್ರಾಧಿಕಾರ ಎಂದು ಕಂಪನಿಗೆ ಬರೆದು ಕೇಳಿ. ಐಟಿ ಕಾಯ್ದೆಯ 69ಎ ಕಲಮಿನ ತಡೆ ಆದೇಶವಾದರೆ ಕಾರಣ ಲಿಖಿತವಾಗಿರಬೇಕು, ಗುರುತು ಸಿಗುವ ಬರಹಗಾರನ ಮಾತನ್ನು ಕೇಳಬೇಕು ಎಂದು ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿದೆ. ಆದರೆ ತಡೆ ನಿಯಮಗಳಲ್ಲಿ ಗೋಪ್ಯತೆಯ ಷರತ್ತು ಇರುವುದರಿಂದ ಆದೇಶದ ಪ್ರತಿ ಕೇಳಿದರೆ ಸಿಗುವುದು ಅಪರೂಪ, ಹಾಗಾಗಿ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿಯೇ ದಾರಿ. ಕಾನೂನುಬಾಹಿರ ವಿಷಯ ತೆಗೆಯಿರಿ ಎಂದು ಐಟಿ ನಿಯಮ 3(1)(ಡಿ)ಯಡಿ ಬಂದ ಸೂಚನೆಯಾದರೆ, 2025ರ ನವೆಂಬರ್ 15ರಿಂದ ಅದನ್ನು ಜಂಟಿ ಕಾರ್ಯದರ್ಶಿ ದರ್ಜೆಯ (ಆ ದರ್ಜೆಯವರು ನೇಮಕವಾಗಿಲ್ಲದ ಕಡೆ ನಿರ್ದೇಶಕ ದರ್ಜೆಯ), ಪೊಲೀಸರಲ್ಲಿ ಡಿಐಜಿ ದರ್ಜೆಯ ಅಧಿಕಾರಿಗಿಂತ ಕೆಳಗಿನವರು ಕೊಡುವಂತಿಲ್ಲ. ರಿಟ್ ಅರ್ಜಿಯಲ್ಲಿ ಸಹಿ ಹಾಕಿದವರ ದರ್ಜೆಯನ್ನು ಪ್ರಶ್ನಿಸಿ, ಮೂಲ ಆದೇಶವನ್ನು ಕೋರ್ಟಿನ ಮುಂದೆ ಇಡಲು ನಿರ್ದೇಶನ ಕೇಳಿ.